ಜಟ್ಟಿಯ ಕೊರಳು, ಜಟ್ಟಿಯ ಕಾಲು

ಕಳೆದ ಬೇಸಗೆಯ ನಾಲ್ಕು ಭಾನುವಾರಗಳನ್ನು ನಾನು ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ಒಂದು ಮನೆಯ ಗ್ಯಾರೇಜಿನೊಳಗೆ ಟಾರ್ಚು ಹಿಡಿದುಕೊಂಡು ಕಳೆದೆನು. ಎದುರಿಗೆ ಒಂದು ಕಾರು. ಕಾರಿನ ಅಡಿಯಿಂದ ಹೊರಕ್ಕೆ ಚಾಚಿದ ಎರಡು ಕಾಲುಗಳು. ಆ ಕಾಲುಗಳು ನನ್ನ ತಂಗಿಯ ಮಗನವು. "ಮಾವ, ಬೆಳಕು ಸ್ವಲ್ಪ ಎಡಕ್ಕೆ" ಎಂದು ಒಳಗಿನಿಂದ ದನಿ ಬರುವುದು. ನಾನು ಎಡಕ್ಕೆ ಹಿಡಿಯುವೆನು. "ಅಯ್ಯೋ, ನನ್ನ ಎಡಕ್ಕೆ ಮಾವ, ನಿಮ್ಮ ಎಡಕ್ಕಲ್ಲ!" ಊರಿಗೆ ಮರಳಿದ ಮೇಲೆ ನೆಂಟರಿಷ್ಟರೆಲ್ಲ ನಯಾಗರ ಜಲಪಾತವನ್ನು ನೋಡಿದಿರಾ ಎಂದು ಕೇಳಿದರು. ನೋಡಿದೆನು, ಸೊಗಸಾಗಿದೆ. ಆದರೆ ಅದರ ಭೋರ್ಗರೆತಕ್ಕಿಂತ ಈ ಗ್ಯಾರೇಜಿನ ಗರ್ಜನೆಯೇ ನನ್ನ ಕಿವಿಯಲ್ಲಿ ಹೆಚ್ಚು ಕಾಲ ಉಳಿದಿದೆ.

ಅಳಿಯನ ಉದ್ಯೋಗವನ್ನು ಹೇಳಿದರೆ ಓದುಗರು ನಕ್ಕಾರು. ವಿದ್ಯುತ್ತಿನಿಂದ ಓಡುವ ಕಾರುಗಳ ಬ್ಯಾಟರಿಯನ್ನು ಅಂಕೆಯಲ್ಲಿಡುವ ಸಾಫ್ಟ್‌ವೇರನ್ನು ಬರೆಯುವುದು ಅವನ ಕೆಲಸ. ವಾರದ ಐದು ದಿನ ಸದ್ದಿಲ್ಲದ ಕಾರುಗಳ ಸೇವೆ. ಉಳಿದೆರಡು ದಿನ ಸದ್ದೇ ಪ್ರಾಣವಾದ ಕಾರಿನ ಪೂಜೆ. ಅವನು ಕೊಂಡದ್ದು ೨೦೧೫ರ ಫೋರ್ಡ್ ಮಸ್ಟಾಂಗ್ ಜಿ.ಟಿ. ಬೇರೊಬ್ಬರು ಓಡಿಸಿ ಮಾರಿದ್ದು. ಐದು ಲೀಟರಿನ ಎಂಟು ಸಿಲಿಂಡರಿನ ಎಂಜಿನು, ೪೩೫ ಅಶ್ವಶಕ್ತಿ, ತೂಕ ಸುಮಾರು ೧,೭೦೦ ಕಿಲೋ. ಇಂಥ ಕಾರಿಗೆ ಆ ದೇಶದವರು 'ಮಸಲ್ ಕಾರು' ಎನ್ನುತ್ತಾರೆ. ಮಸಲ್ ಎಂದರೆ ಮಾಂಸಖಂಡ. ಮಾಂಸಖಂಡದ ಕಾರು ಎಂದು ಕನ್ನಡಿಸಿದರೆ ಕಸಾಯಿಖಾನೆಯ ನೆನಪಾದೀತು. ದಸರೆಯ ವಜ್ರಮುಷ್ಟಿ ಕಾಳಗವನ್ನು ಚಿಕ್ಕಂದಿನಲ್ಲಿ ಕಂಡ ಮೈಸೂರಿಗನಾದ ನಾನು ಅದನ್ನು ಜಟ್ಟಿ ಕಾರು ಎಂದು ಕರೆದೆನು. ಅಳಿಯನಿಗೆ ಆ ಹೆಸರು ಹಿಡಿಸಿತು.

ಈ ಜಟ್ಟಿಗಳ ವಂಶಾವಳಿಯನ್ನು ಸಾಮಾನ್ಯವಾಗಿ ೧೯೬೪ರಿಂದ ಎಣಿಸುತ್ತಾರೆ. ಪಾಂಟಿಯಾಕ್ ಕಂಪನಿಯವರು ತಮ್ಮ ಮಧ್ಯಮ ಗಾತ್ರದ ಕಾರಿನೊಳಕ್ಕೆ ದೊಡ್ಡ ಕಾರಿನ ಎಂಜಿನನ್ನು ಕೂರಿಸಿ ಜಿ.ಟಿ.ಒ. ಎಂಬುದನ್ನು ಮಾರಿದ್ದು ಆ ಮಾದರಿ ವರ್ಷದಲ್ಲಿ. ಮಸ್ಟಾಂಗ್ ಬೆಳಕಿಗೆ ಬಂದದ್ದೂ ಅದೇ ವರ್ಷದ ಏಪ್ರಿಲ್ ೧೭ರಂದು, ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ. ಡೆಟ್ರಾಯಿಟಿನಿಂದ ಪಾಂಟಿಯಾಕ್ ಪಟ್ಟಣಕ್ಕೆ ಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿ ಆಗಿನ ತರುಣರ ಅಖಾಡವಾಗಿದ್ದಿತು. ೧೯೦೯ರಲ್ಲಿ ಒಂದು ಮೈಲಿಯುದ್ದ ಕಾಂಕ್ರೀಟು ಹಾಕಿಸಿಕೊಂಡು ಹೆಸರಾದ ರಸ್ತೆ ಅದು. ದೀಪದ ಕಂಬದಿಂದ ದೀಪದ ಕಂಬಕ್ಕೆ, ಒಂದು ತಿಂಡಿಯಂಗಡಿಯಿಂದ ಇನ್ನೊಂದಕ್ಕೆ, ರಾತ್ರಿಯೆಲ್ಲ ಕಾರುಗಳ ಪಂದ್ಯ. ೧೯೯೫ರಿಂದ ಆಗಸ್ಟಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ಅಲ್ಲಿ ನಡೆಯುತ್ತ ಬಂದಿದೆ. ಆದರೆ ಹೊಸ ಜಟ್ಟಿಗಳ ಸಂಖ್ಯೆ ಕುಗ್ಗುತ್ತಿದೆ. ಡಾಡ್ಜ್ ಚಾಲೆಂಜರ್, ಷೆವರ್ಲೆ ಕಮಾರೋ ಎಂಬ ಎರಡು ಪ್ರಸಿದ್ಧ ಕಾರುಗಳ ತಯಾರಿಕೆ ೨೦೨೩ರ ಕೊನೆಯಲ್ಲಿ ನಿಂತಿತು. ಡಾಡ್ಜ್ ಕಂಪನಿಯವರ ವಿದ್ಯುತ್ ಚಾರ್ಜರ್ ಕಾರಿಗಂತೂ ಎಂಜಿನಿನ ಸದ್ದನ್ನು ಅನುಕರಿಸುವ ಯಂತ್ರವನ್ನು ಬೇರೆಯಾಗಿ ಅಳವಡಿಸಬೇಕಾಯಿತು! ಮೂಗುತಿಯ ಆಸೆಗೆ ಮೂಗನ್ನೇ ಬೇರೆ ಕಡೆಯಿಂದ ತಂದಂತೆ.

ಆ ಸದ್ದಿನಲ್ಲಿ ಅಂಥದೇನಿದೆ ಎಂದು ನಾನು ಅಳಿಯನನ್ನು ಕೇಳಿದೆನು. ಅವನು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ನನಗೆ ಎಂಜಿನಿಯರಿಂಗಿಗಿಂತ ಹೆಚ್ಚಾಗಿ ಸಂಗೀತದಂತೆ ಕಂಡಿತು. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲು. ಬಲಸಾಲಿನ ಹೊಗೆ ಬಲದ ಕೊಳವೆಗೆ, ಎಡಸಾಲಿನದು ಎಡದ ಕೊಳವೆಗೆ. ಎಂಟೂ ಸೇರಿದರೆ ಪೆಟ್ಟುಗಳು ಆದಿತಾಳದ ಎಂಟು ಅಕ್ಷರಗಳಂತೆ ಸಮನಾಗಿ ಬೀಳುತ್ತವೆ. ಆದರೆ ಒಂದೊಂದು ಸಾಲನ್ನೇ ಪ್ರತ್ಯೇಕವಾಗಿ ಕೇಳಿದರೆ ಸಮವಿಲ್ಲ. ಬಲಸಾಲು ೧, ೩, ೬, ೮ನೆಯ ಅಕ್ಷರಗಳಿಗೆ ಬಡಿದರೆ ಎಡಸಾಲು ೨, ೪, ೫, ೭ಕ್ಕೆ ಬಡಿಯುತ್ತದೆ. ಒಮ್ಮೆ ಎರಡಕ್ಷರದ ಬಿಡುವು, ಒಮ್ಮೆ ಮೂರು, ಒಮ್ಮೆ ಒಂದೇ ಒಂದು. ಮೃದಂಗಗಾರನ ಬಲಗೈ ಎಡಗೈಗಳು ಒಂದರ ಸಂದಿನಲ್ಲಿ ಒಂದು ನುಗ್ಗಿ ತಾಳವನ್ನು ತುಂಬುವ ಹಾಗೆ. ಜಟ್ಟಿ ಕಾರು ನಿಂತಲ್ಲಿಯೇ ಗುಡುಗುಡು ಎನ್ನುವಾಗ ಅದರಲ್ಲಿ ಕೇಳುವ ಆ ಮುಗ್ಗರಿಕೆ, ಆ ತಡವರಿಕೆ, ಈ ಅಸಮ ಲಯದಿಂದ ಹುಟ್ಟಿದ್ದು. ಎರಡು ಕೊಳವೆಗಳನ್ನು ನಡುವೆ ಒಂದು ಅಡ್ಡ ನಳಿಕೆಯಿಂದ ಕೂಡಿಸಿದರೆ ದನಿ ಗಂಭೀರವಾಗುತ್ತದೆ. ಎರಡನ್ನೂ ಕತ್ತರಿಯಂತೆ ಒಂದರೊಳಗೊಂದು ಹಾಯಿಸಿದರೆ ಪೆಟ್ಟುಗಳು ಬೆರೆತು ದನಿ ನಯವಾಗಿ, ತುಸು ಕೀರಲಾಗಿ ಮೇಲೇರುತ್ತದೆ. ತೊಪ್ಪಿಗೆ ರವೆ ಎಷ್ಟು ಹಚ್ಚಬೇಕು ಎಂದು ಮೃದಂಗಗಾರರು ಕಚೇರಿಗೆ ಮುನ್ನ ತಲೆ ಕೆಡಿಸಿಕೊಳ್ಳುವಂತೆ ಇವರು ಕೊಳವೆಯ ವ್ಯಾಸಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಾರೆ.

ಶಕ್ತಿ ಎಷ್ಟು ಹೆಚ್ಚುತ್ತದೆ ಎಂದು ಕೇಳುವುದು ಮಾತ್ರ ಸಭ್ಯತೆಯಲ್ಲ. ಹಿಂಭಾಗದ ಕೊಳವೆಗಳನ್ನು ಮಾತ್ರ ಬದಲಿಸಿದರೆ ೪೩೫ರ ಮೇಲೆ ಹತ್ತು ಕುದುರೆ ಸೇರಿದರೆ ಅದೇ ಪುಣ್ಯ. ಮುಂಭಾಗದಲ್ಲಿ ವಿಷದ ಅನಿಲಗಳನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯಿದೆ. ಪ್ಲಾಟಿನಮ್, ಪಲೇಡಿಯಮ್, ರೋಡಿಯಮ್‌ಗಳ ಲೇಪವಿರುವ ಅದು ೧೯೭೫ರ ಮಾದರಿಗಳಿಂದ ಅಲ್ಲಿಯ ಕಾರುಗಳಿಗೆ ಬಂದಿತು. ಅದನ್ನು ಕಿತ್ತರೆ ಸದ್ದೂ ಹೆಚ್ಚುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಕೀಳುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಅಳಿಯ ಅದರ ತಂಟೆಗೆ ಹೋಗಲಿಲ್ಲ ಎಂಬುದನ್ನು ಸಂತೋಷದಿಂದ ದಾಖಲಿಸುತ್ತೇನೆ. ಆದರೆ ಹಿಂದಿನ ಅಚ್ಚಿನಿಂದಾಚೆಗಿದ್ದ ಎರಡು ಸೈಲೆನ್ಸರುಗಳನ್ನು ತೆಗೆದು, ಅವುಗಳ ಜಾಗಕ್ಕೆ ಬರಿಯ ಕೊಳವೆಗಳನ್ನು ಜೋಡಿಸಲು ನಿಶ್ಚಯಿಸಿದನು. ಅಗ್ಗವಾಗಿ ಸಿಕ್ಕಿದುವಂತೆ.

ಮೊದಲ ಭಾನುವಾರ ಆ ಕೆಲಸ. ಮಿಷಿಗನ್ ರಾಜ್ಯದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಹಿಮ ಕರಗುತ್ತದೆ, ಜೊತೆಗೆ ಕಾರಿನ ಅಡಿಯ ಉಕ್ಕೂ ತುಕ್ಕು ಹಿಡಿಯುತ್ತದೆ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟಿದ್ದೆವು. ಆದರೂ ಮೂರು ಬಿಟ್ಟವು, ನಾಲ್ಕನೆಯದು ಬಿಡಲಿಲ್ಲ. ಅಳಿಯ ಕಾರನ್ನು ಜಾಕಿನಿಂದ ಎತ್ತಿ, ಅದರ ಅಡಿಗೆ ನುಸುಳಿ ಪಾನಾ ತಿರುಗಿಸತೊಡಗಿದನು. ಆಗಲೇ ಪಕ್ಕದ ಮನೆಯ ಮುದುಕರು ಬಂದದ್ದು. ಎಪ್ಪತ್ತೇಳು ವಯಸ್ಸು, ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ದುಡಿದವರು. ಅವರು ನಮಸ್ಕಾರವನ್ನೂ ಹೇಳದೆ ಅಳಿಯನ ಪಾದವನ್ನು ಹಿಡಿದು ಹೊರಕ್ಕೆಳೆದರು. ತಮ್ಮ ಗ್ಯಾರೇಜಿಗೆ ಹೋಗಿ ನಾಲ್ಕು ಉಕ್ಕಿನ ಆಸರೆಗಳನ್ನು ತಂದು ಕಾರಿನಡಿ ನಿಲ್ಲಿಸಿದರು. ಬಳಿಕ ಹೆಗಲು ಕೊಟ್ಟು ಕಾರನ್ನು ಒಮ್ಮೆ ಬಲವಾಗಿ ಅಲುಗಾಡಿಸಿದರು. ಅದು ಕದಲಲಿಲ್ಲ. "ಜಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಈಗ ಹೋಗು" ಎಂದರು. ಬೀಳುವುದಾದರೆ ನೀನು ಒಳಗಿಲ್ಲದಾಗ ಬೀಳಲಿ ಎಂಬುದು ಆ ಅಲುಗಾಟದ ಅರ್ಥ. ಅಲ್ಲಿಯವರೆಗೆ ನಾನು ಹಿಡಿದಿದ್ದ ಟಾರ್ಚು ಬೆಳಗುತ್ತಿದ್ದುದು ಏನನ್ನು ಎಂಬುದು ಅರಿವಾಗಿ ನನ್ನ ಕೈ ನಡುಗಿತು.

ಮಧ್ಯಾಹ್ನದ ಹೊತ್ತಿಗೆ ಕೊಳವೆಗಳು ಕುಳಿತವು. ಅವನ್ನು ಹೊತ್ತಿರುವುದು ರಬ್ಬರಿನ ಕಿವಿಗಳು. ಸೋಪಿನ ನೀರು ಸವರಿದರೆ ಕೊಕ್ಕೆ ಆ ಕಿವಿಗಳೊಳಗೆ ಜಾರುತ್ತದೆ. ಸವರದಿದ್ದರೆ ಬೆವರು ಸುರಿಯುತ್ತದೆ. ಅಳಿಯ ಗುಂಡಿ ಒತ್ತಿದನು. ಎಂಜಿನು ಎದ್ದ ಸದ್ದಿಗೆ ಗೋಡೆಗೆ ತೂಗುಹಾಕಿದ್ದ ಕುಂಟೆ, ಸನಿಕೆಗಳು ಗಣಗಣ ಎಂದವು. ಅಳಿಯನ ಮುಖದಲ್ಲಿ ಮಗುವಿನ ನಗು. ನಾನೂ ನಕ್ಕೆನು, ಸುಳ್ಳೇಕೆ ಹೇಳಲಿ, ಎದೆಯೊಳಗೆ ಏನೋ ಕುಣಿಯಿತು. ಮುದುಕರು ಮಾತ್ರ ನಗಲಿಲ್ಲ. ಪಕ್ಕದ ಮನೆಯ ಮೇಲಿನ ಕಿಟಕಿಯ ಪರದೆ ಸರಿದು, ಒಂದು ಮುಖ ಕಂಡು, ಪರದೆ ಮತ್ತೆ ಮುಚ್ಚಿಕೊಂಡಿತು.

ಸಂಜೆ ಅವರು ಆಸರೆಗಳನ್ನು ಒಯ್ಯಲು ಬಂದಾಗ ಆಕ್ಷೇಪಣೆಯ ಒಂದು ಮಾತನ್ನೂ ಆಡಲಿಲ್ಲ. ತಾವು ಹತ್ತೊಂಬತ್ತರಲ್ಲಿ ಕಾರ್ಖಾನೆಗೆ ಸೇರಿದ ವರ್ಷ, ಮೊದಲ ಸಂಬಳದಲ್ಲಿ ಇದನ್ನೇ ಮಾಡಿ ವುಡ್‌ವರ್ಡ್ ರಸ್ತೆಗೆ ಇಳಿದಿದ್ದುದನ್ನು ಹೇಳಿದರು. ಹೇಳಿ ಮುಗಿಸಿ, ಹೊಸಿಲ ಬಳಿ ನಿಂತು, "ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯ ಪಾಳಿ. ಬೆಳಗ್ಗೆ ಎಂಟಕ್ಕೆ ಬಂದು ಮಲಗುತ್ತಾಳೆ" ಎಂದಷ್ಟೇ ನುಡಿದು ಹೋದರು. ಅಳಿಯ ಆ ರಾತ್ರಿ ಸಾರನ್ನ ಸರಿಯಾಗಿ ಉಣ್ಣಲಿಲ್ಲ.

ಇದು ಅವನೊಬ್ಬನ ಪೀಕಲಾಟವಲ್ಲ. ಮಸ್ಟಾಂಗಿನ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದವರೊಬ್ಬರು ತಮ್ಮದೇ ಕಂಪನಿಯ ಷೆಲ್ಬಿ ಕಾರನ್ನು ಮನೆಯಿಂದ ಹೊರತೆಗೆಯುವಾಗ ನೆರೆಯವರು ಪೊಲೀಸರನ್ನು ಕರೆಸಿದರಂತೆ. ಆ ಮುಖಭಂಗದಿಂದ ಹುಟ್ಟಿದ್ದು ೨೦೧೮ರ ಮಾದರಿಯಲ್ಲಿ ಬಂದ 'ಒಳ್ಳೆಯ ನೆರೆಯವ' ಎಂಬ ಏರ್ಪಾಟು: ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಮೆಲ್ಲಗೆ ಎದ್ದೇಳು ಎಂದು ಕಾರಿಗೆ ಮೊದಲೇ ಹೇಳಿಡಬಹುದು. ೮೨ ಡೆಸಿಬೆಲ್ ಇದ್ದ ಏಳುವ ಗರ್ಜನೆ ಸುಮಾರು ೭೨ಕ್ಕೆ ಇಳಿಯುತ್ತದೆಂದು ಕಂಪನಿಯವರು ಸಾರಿದರು. ನಮ್ಮ ಅಳಿಯನ ಕಾರು ೨೦೧೫ರದು. ಅದಕ್ಕೆ ಆ ಸೌಜನ್ಯವನ್ನು ಯಾರೂ ಕಲಿಸಿರಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಬದಲಾಯಿಸಿದ ಕೊಳವೆಗೂ ೯೫ ಡೆಸಿಬೆಲ್ಲಿನ ಎಲ್ಲೆಯಿದೆ. ನಮ್ಮ ದೇಶದಲ್ಲಿಯಂತೂ, ತಯಾರಕರು ಕೊಟ್ಟ ರೂಪವನ್ನು ಮೀರಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ಸ್ಪಷ್ಟಪಡಿಸಿತು. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಬುಲೆಟ್ ಮೋಟಾರ್ ಸೈಕಲ್ಲುಗಳಿಂದ ಕಿತ್ತ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ರಸ್ತೆಯ ಮೇಲೆ ಮಲಗಿಸಿ ರೋಡ್ ರೋಲರ್ ಹರಿಸಿದ್ದನ್ನು ಪತ್ರಿಕೆಗಳಲ್ಲಿ ನಾವು ನೋಡಿದ್ದೇವೆ. ೨೦೧೬ರಲ್ಲಿ ಮಸ್ಟಾಂಗ್ ಇಂಡಿಯಕ್ಕೂ ಬಂದಿತು. ಆದರೆ ಈ ಗ್ಯಾರೇಜಿನ ಆಟ ಇಲ್ಲಿ ನಡೆಯಲಾರದು.

ಆ ವಾರ ಅಳಿಯ ಕಾರಿನಲ್ಲಿ ಕಚೇರಿಗೆ ಹೋಗಿಬಂದಾಗ ಇನ್ನೊಂದು ಸತ್ಯ ಹೊರಬಿತ್ತು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಒಳಗೆ ಕುಳಿತವನ ತಲೆಯಲ್ಲಿ ದುಂಬಿ ಹೊಕ್ಕಂತೆ ಒಂದೇ ಸಮನೆ ಗುಂಯ್‌ಗುಡುವಿಕೆ. ಎಂಜಿನು ನಿಮಿಷಕ್ಕೆ ೧,೮೦೦ ಸುತ್ತು ತಿರುಗಿದರೆ, ಸುತ್ತಿಗೆ ನಾಲ್ಕು ಪೆಟ್ಟಿನಂತೆ ಸೆಕೆಂಡಿಗೆ ೧೨೦ ಪೆಟ್ಟು. ಕಾರಿನ ಒಳಗಿನ ಗಾಳಿ, ತಗಡು ಎಲ್ಲವೂ ಅದಕ್ಕೆ ದನಿಗೂಡಿಸುತ್ತವೆ. ಹೊರಗೆ ನಿಂತು ಐದು ನಿಮಿಷ ಕೇಳಲು ಹಿತವಾದ ಸಂಗೀತ ಒಳಗೆ ಕೂತು ಒಂದು ಗಂಟೆ ಕೇಳಿದರೆ ಶಿಕ್ಷೆ.

ಎರಡನೆಯ ಭಾನುವಾರ ಬರಿಯ ಕೊಳವೆಗಳು ಇಳಿದವು. ಒಳಗೆ ಕೋಣೆಗಳಿರುವ ಒಳ್ಳೆಯ ಸೈಲೆನ್ಸರುಗಳು, ಮೊದಲಿನದರ ಮೂರರಷ್ಟು ಬೆಲೆಯವು, ಏರಿದವು. ಇಂಥ ಸೈಲೆನ್ಸರಿನಲ್ಲಿ ಸದ್ದಿನ ಅಲೆ ಗೋಡೆಗೆ ಬಡಿದು ಹಿಂದಿರುಗಿ ಮುಂದೆ ಬರುವ ಅಲೆಯೊಡನೆ ಕಾದಾಡಿ ತಾನೂ ಅಡಗುತ್ತದೆ, ಅದನ್ನೂ ಅಡಗಿಸುತ್ತದೆ. ಕೊಳವೆಗಳ ತುದಿ ಬಂಪರಿನ ಎರಡು ತೂತುಗಳ ನಟ್ಟನಡುವೆ ಸಮನಾಗಿ ನಿಲ್ಲುವವರೆಗೆ ಯಾವ ಪಟ್ಟಿಯನ್ನೂ ಪೂರ್ತಿ ಬಿಗಿಯಬಾರದು. ಬಿಗಿದರೆ ಮತ್ತೆ ಮೊದಲಿನಿಂದ. ಅಳಿಯ ಅಳತೆಪಟ್ಟಿ ಹಿಡಿದು ಎರಡು ಗಂಟೆ ಅದರಲ್ಲಿಯೇ ಕಳೆದನು. ಕೊನೆಗೆ ಎಂಜಿನನ್ನು ಏಳಿಸಿ, ಕೂಡುಗಳಿಗೆಲ್ಲ ಸೋಪಿನ ನೀರು ಹಾಕಿ ಗುಳ್ಳೆ ಏಳುವುದೇ ಎಂದು ನೋಡಿದೆವು, ಏಳಲಿಲ್ಲ. ಈ ಬಾರಿ ಕುಂಟೆ, ಸನಿಕೆಗಳು ಮೌನವಾಗಿದ್ದವು. ದನಿ ಉಳಿಯಿತು, ಬೊಬ್ಬೆ ಹೋಯಿತು. ಆದರೂ ಬೆಳಗಿನ ತಣ್ಣನೆಯ ಎಂಜಿನು ಏಳುವಾಗಿನ ಮೊದಲ ಗರ್ಜನೆ ಗರ್ಜನೆಯೇ.

ಇನ್ನು ಕಾಲಿನ ಮಾತು. ಜಟ್ಟಿ ಕಾರಿನ ಮೇಲಿದ್ದ ಹಳೆಯ ಅಪವಾದವೆಂದರೆ, ನೆಟ್ಟಗೆ ಓಡಲು ಬಲ್ಲದು, ತಿರುಗಲು ಅರಿಯದು. ೧೯೬೪ರ ಮಸ್ಟಾಂಗಿನ ಹಿಂದೆ ಒಂದೇ ಇಡಿಯ ಅಚ್ಚು. ಅದನ್ನು ಹೊತ್ತದ್ದು ಲಾರಿಗಳಲ್ಲಿ ನಾವು ಕಾಣುವಂಥ ಉಕ್ಕಿನ ಪಟ್ಟಿಗಳ ಕಮಾನು. ಒಂದು ಚಕ್ರ ಹಳ್ಳಕ್ಕೆ ಬಿದ್ದರೆ ಇನ್ನೊಂದೂ ವಾಲಬೇಕು. ಒಂದು ಕಣ್ಣಿಗೆ ಧೂಳು ಬಿದ್ದರೆ ಎರಡೂ ಮುಚ್ಚುವಂತೆ. ೨೦೧೫ರ ಮಾದರಿಯಿಂದ ಎಲ್ಲ ಮಸ್ಟಾಂಗುಗಳಿಗೂ ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ಏರಿಳಿಯುವ ಏರ್ಪಾಟು ಬಂದಿತು. ಆದರೂ ಕಾರ್ಖಾನೆಯ ಸ್ಪ್ರಿಂಗುಗಳು ಎಲ್ಲ ಬಗೆಯ ಗಿರಾಕಿಗಳನ್ನೂ ಒಲಿಸಬೇಕಲ್ಲ. ತಿರುವಿನಲ್ಲಿ ಮೈ ವಾಲುತ್ತದೆ, ಬ್ರೇಕು ಹಾಕಿದರೆ ಮೂತಿ ತಗ್ಗುತ್ತದೆ. ಒಂದಂಗುಲ ಗಿಡ್ಡವೂ ಒಂದಿಷ್ಟು ಬಿರುಸೂ ಆದ ಸ್ಪ್ರಿಂಗುಗಳನ್ನು, ಅವುಗಳಿಗೆ ಹೊಂದುವ ಷಾಕ್ ಅಬ್ಸಾರ್ಬರುಗಳನ್ನು ಅಳಿಯ ತರಿಸಿದ್ದನು. ಸ್ಪ್ರಿಂಗು ಕಾರನ್ನು ಹೊರುತ್ತದೆ. ಷಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತದೆ. ಮೊದಲನೆಯದನ್ನು ಬಿರುಸು ಮಾಡಿ ಎರಡನೆಯದನ್ನು ಹಾಗೆಯೇ ಬಿಟ್ಟರೆ ಕಾರು ಚೆಂಡಾಗುತ್ತದೆ. ಹಣ ಉಳಿಸಲು ಹಾಗೆ ಮಾಡುವವರೇ ಬಹಳ.

ಮೂರನೆಯ ಭಾನುವಾರದ ನೆನಪಿನಿಂದ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಿಂದಿನ ಸ್ಪ್ರಿಂಗುಗಳು ಸಾಧು. ಕೆಳಗಿನ ತೋಳನ್ನು ಮೆಲ್ಲಗೆ ಇಳಿಸಿದರೆ ತಾವಾಗಿಯೇ ಸಡಿಲವಾಗುತ್ತವೆ. ಮುಂದಿನವು ಹಾಗಲ್ಲ. ಅಲ್ಲಿ ಷಾಕ್ ಅಬ್ಸಾರ್ಬರಿನ ಕಂಬದ ಸುತ್ತ ಸ್ಪ್ರಿಂಗು ಅದುಮಿಕೊಂಡು ಕುಳಿತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ಒಂದೇ ಒಂದು ನಟ್ಟು. ಸ್ಪ್ರಿಂಗನ್ನು ಎರಡು ಪಕ್ಕದಲ್ಲೂ ಕೊಕ್ಕೆಯ ತಿರುಪುಗಳಿಂದ ಹಿಡಿದು ಒತ್ತದೆ ಆ ನಟ್ಟನ್ನು ಬಿಚ್ಚಿದರೆ ಅದು ಬಾಣವಾಗಿ ಹಾರುತ್ತದೆ. ಒತ್ತುವ ಸಲಕರಣೆಯನ್ನು ಬಿಡಿಭಾಗದ ಅಂಗಡಿಯವರು ಠೇವಣಿ ಕಟ್ಟಿಸಿಕೊಂಡು ಎರವಲು ಕೊಡುತ್ತಾರೆ. ನಮಗೆ ಸಿಕ್ಕಿದ್ದರ ಒಂದು ಕೊಕ್ಕೆಯ ಹಲ್ಲು ಸವೆದಿದ್ದಿತು. ಅಳಿಯ ಅದನ್ನು ಕಂಡಿದ್ದನು. ಕಂಡೂ, "ಆಗುತ್ತೆ ಬಿಡಿ ಮಾವ, ಇನ್ನೇನು ಎರಡೇ ಸುತ್ತು" ಎಂದನು. ನಾನೇನು ಬಲ್ಲೆ? ಟಾರ್ಚು ಹಿಡಿದೆನು. ಆ ಎರಡು ಸುತ್ತಿನ ನಡುವೆ ಕೊಕ್ಕೆ ಕಟಕ್ಕನೆ ಒಂದು ಬೆರಳಗಲ ಜಾರಿತು. ಜಾರಿ, ಮತ್ತೆ ಕಚ್ಚಿಕೊಂಡಿತು.

ಇಬ್ಬರೂ ಉಸಿರಾಡಲಿಲ್ಲ. ಸ್ಪ್ರಿಂಗಿನ ಮುಖ ಅವನ ಗಂಟಲಿನ ನೇರಕ್ಕಿದ್ದಿತು. ನಾನು ತಂಗಿಯ ಮುಖವನ್ನು ನೆನೆದೆನು. "ಕೈ ಬಿಟ್ಟು ಪಕ್ಕಕ್ಕೆ ಸರಿಯೋ" ಎಂದೆನು. ನನ್ನ ದನಿ ನನಗೇ ಅಪರಿಚಿತವಾಗಿದ್ದಿತು. ಅವನು ಇಂಚಿಂಚಾಗಿ ಸರಿದನು. ಪಕ್ಕದ ಮನೆಗೆ ಹೋಗಿ ಮುದುಕರನ್ನು ಕರೆತಂದೆನು. ಬಂದವರು ಒಂದು ಕ್ಷಣ ನೋಡಿ, ದಪ್ಪ ಸರಪಳಿಯೊಂದನ್ನು ಸ್ಪ್ರಿಂಗಿನ ಸುರುಳಿಗಳೊಳಗೆ ಹಾಯಿಸಿ ಕಟ್ಟಿದರು. ಅದರ ಬಾಯಿಗೆ ಎದುರಾಗಿ ಯಾರೂ ನಿಲ್ಲದಂತೆ ಮಾಡಿ, ಪಕ್ಕದಿಂದ ತಿರುಪುಗಳನ್ನು ಅರ್ಧ ಅರ್ಧ ಸುತ್ತಿನಂತೆ ಎರಡೂ ಕಡೆ ಸಮನಾಗಿ ಸಡಿಲಿಸಿದರು. ಅಂದಿನ ಕೆಲಸ ಅಲ್ಲಿಗೇ ನಿಂತಿತು. ಮಾರನೆಯ ವಾರ ಅವರು ತಮ್ಮ ಪರಿಚಯದ ಕಾರ್ಯಾಗಾರದಿಂದ ಗೋಡೆಗೆ ಬಿಗಿಯುವ ಬಲವಾದ ಒತ್ತುಯಂತ್ರವನ್ನು ಬಳಸಿಕೊಳ್ಳಲು ಒಪ್ಪಿಗೆ ತಂದರು. ಸ್ಪ್ರಿಂಗು ಬದಲಾದ ಕಂಬಗಳನ್ನು ಮಾತ್ರ ಮನೆಗೆ ತಂದು ಜೋಡಿಸಿದೆವು. ಮನೆಯಲ್ಲಿ ಮಾಡಬಹುದಾದದ್ದೂ ಇದೆ, ಮಾಡಬಾರದ್ದೂ ಇದೆ ಎಂದು ಅಳಿಯ ಒಪ್ಪಿಕೊಂಡದ್ದು ಅಂದೇ.

ಉಳಿದದ್ದು ತಾಳ್ಮೆಯ ಕೆಲಸ. ತೋಳುಗಳ ಕೀಲಿನಲ್ಲಿ ರಬ್ಬರಿನ ಬುಷ್ಷುಗಳಿವೆ. ಚಕ್ರ ತೂಗಾಡುತ್ತಿರುವಾಗಲೇ ಆ ಬೋಲ್ಟುಗಳನ್ನು ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಆದ್ದರಿಂದ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಅನಂತರವೇ ಕೊನೆಯ ಬಿಗಿತ. ಚಕ್ರದ ನಟ್ಟುಗಳಿಗೆ ೧೫೦ ಪೌಂಡ್-ಅಡಿ ಬಿಗಿತ ಬೇಕು. ಅಂದರೆ ಒಂದಡಿ ಉದ್ದದ ಹಿಡಿಯ ತುದಿಗೆ ೧೫೦ ಪೌಂಡು ಭಾರ ತೂಗುಹಾಕಿದಷ್ಟು. ಸರಿಯಾದ ಬಿಗಿತ ಬಂದೊಡನೆ ಟಕ್ ಎನ್ನುವ ಪಾನಾ ಒಂದಿದೆ. ಆ 'ಟಕ್' ಅನ್ನು ಕೇಳುವ ಸರದಿಯನ್ನು ಕೊನೆಗೆ ಅಳಿಯ ನನಗೆ ಕೊಟ್ಟನು. ಇಪ್ಪತ್ತು ನಟ್ಟುಗಳಲ್ಲಿ ಎರಡು ನನ್ನವು! ಕಾರು ಒಂದಂಗುಲ ತಗ್ಗಿದಾಗ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಹಾಗೆಯೇ ಬಿಟ್ಟರೆ ಟೈರಿನ ಒಳಅಂಚು ಸವೆದುಹೋಗುವುದರಿಂದ, ಸೋಮವಾರ ಕಾರ್ಯಾಗಾರಕ್ಕೆ ಒಯ್ದು ಚಕ್ರಗಳ ಕೋನವನ್ನು ತಿದ್ದಿಸಿ ತಂದನು.

ಆ ಸಂಜೆ ಹೆದ್ದಾರಿಗೆ ಏರುವ ಸುತ್ತು ದಾರಿಯಲ್ಲಿ ನನ್ನನ್ನು ಕರೆದೊಯ್ದನು. ತಿಂಗಳ ಹಿಂದೆ ಅದೇ ತಿರುವಿನಲ್ಲಿ ನಾನು ಬಾಗಿಲಿನ ಹಿಡಿಯನ್ನು ಹಿಡಿದುಕೊಂಡಿದ್ದೆನು. ಈಗ ಕಾರು ನೆಲವನ್ನು ಒತ್ತಿಕೊಂಡು, ಹಳಿಯ ಮೇಲೆ ಹೋದಂತೆ ತಿರುಗಿತು. ರಸ್ತೆಯ ಹಳ್ಳಗಳು ಮಾತ್ರ ಮೊದಲಿಗಿಂತ ಚುರುಕಾಗಿ ಬೆನ್ನುಮೂಳೆಗೆ ಸುದ್ದಿ ಮುಟ್ಟಿಸಿದವು. "ಹೇಗಿದೆ ಮಾವ?" ಎಂದನು. ಚೆನ್ನಾಗಿದೆ ಎಂದೆನು. "ಇದು ಯಾರಿಗೂ ಕೇಳೋಲ್ಲ, ಯಾರಿಗೂ ಕಾಣೋಲ್ಲ. ನಾನು ಇದನ್ನೇ ಮೊದಲು ಮಾಡಬೇಕಾಗಿತ್ತು" ಎಂದನು. ಕೊಳವೆಗೆ ಎರಡು ಸಾರಿ ಹಣ ಸುರಿದ ದುಃಖ ಆ ಮಾತಿನಲ್ಲಿ ಇಲ್ಲದಿರಲಿಲ್ಲ.

ನಾನು ಹೊರಡುವ ಹಿಂದಿನ ಭಾನುವಾರ, ಬೆಳಗಿನ ಐದೂವರೆಗೆ, ಖಾಲಿ ರಸ್ತೆಯಲ್ಲಿ ಸರೋವರದ ದಡದವರೆಗೆ ಹೋಗಿಬರುವುದೆಂದು ಗೊತ್ತುಮಾಡಿದೆವು. ಅಂದು ನೆರೆಮನೆಯ ನರ್ಸಿಗೆ ರಜೆ, ಮನೆಯಲ್ಲಿ ಮಲಗಿದ್ದಳು. ಅಳಿಯ ಗುಂಡಿಯ ಮೇಲೆ ಬೆರಳಿಟ್ಟವನು ತೆಗೆದನು. ಗೇರನ್ನು ಬಿಡಿಸಿ, ಇಳಿದು, ಬಾಗಿಲ ಕಂಬಕ್ಕೆ ಹೆಗಲು ಕೊಟ್ಟು, ಒಂದು ಕೈಯಲ್ಲಿ ಚಕ್ರ ಹಿಡಿದು, "ಮಾವ, ಮೂಲೆಯವರೆಗೆ ತಳ್ಳೋಣ, ಆಗುತ್ತಾ?" ಎಂದನು. ೪೩೫ ಕುದುರೆಗಳು ಒಳಗೆ ಮಲಗಿದ್ದುವು. ಹೊರಗೆ ಒಬ್ಬ ತರುಣ, ಒಬ್ಬ ಮುದುಕ. ಕಾರು ಗಜ ದೂರ ಸರಿದು ನಿಂತಿತು. ಮತ್ತೆ ತಳ್ಳುವಷ್ಟರಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ಜೊತೆ ಕೈಗಳು ಬಂದು ಡಿಕ್ಕಿಯ ಮೇಲೆ ಕುಳಿತವು. ನೆರೆಯ ಮುದುಕರು, ಮನೆಯೊಳಗಿನ ಚಪ್ಪಲಿಯಲ್ಲಿಯೇ ಬಂದಿದ್ದರು. ಮಾತಿಲ್ಲದೆ ಮೂವರೂ ತಳ್ಳಿದೆವು. ಮೂಲೆಯಲ್ಲಿ ಅಳಿಯ ಒಳಗೆ ಕುಳಿತು ಗುಂಡಿ ಒತ್ತಿದಾಗ ಮುದುಕರು ಹಿಂದಕ್ಕೆ ಸರಿದು, ತಲೆ ವಾರೆ ಮಾಡಿ ಆ ಗುಡುಗುಡು ಸದ್ದನ್ನು ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ ಬಗ್ಗಿ ನೋಡಿ, ಎಡಗಡೆಯ ಕೊಳವೆ ಕೂದಲೆಳೆಯಷ್ಟು ಕೆಳಕ್ಕಿಳಿದಿದೆ ಎಂದರು.